ಆಮೋಸ್ ತಿರುಗಿದ ಕಡೆ

ಸೆಪ್ಟೆಂಬರ್ ೪, ಗುರುವಾರ

ಕೋಳಿಗೂಡು ತೊಳೆದೆ. ಪ್ಲಮ್ ಜಾಮ್ ತಳ ಹಿಡಿಯಿತು. ಇವತ್ತು ಗುರುವಾರ ಎಂಬುದು ನೆನಪಾಗಬಾರದು ಎಂದುಕೊಂಡಿದ್ದೆ, ಎದ್ದ ತಕ್ಷಣ ಅದೇ ನೆನಪಾಯಿತು. ಗುರುವಾರ ಅಂದರೆ ಊರ ಹಾಲ್, ನಾಲ್ಕು ಜೋಡಿ ನಾಲ್ಕು ಬದಿ ನಿಂತು ಕುಣಿಯುವ ಚೌಕದ ಕುಣಿತ. ಕುಣಿತ ಅಂದರೆ ಆಮೋಸ್. ಫೆಬ್ರವರಿಯಿಂದ ಆಮೋಸ್ ಇಲ್ಲ.

ಮಧ್ಯಾಹ್ನ ಡೈನಾ ಬಂದಳು. ಮದುವೆಯಾದಾಗಿನಿಂದ ಚೌಕದಲ್ಲಿ ಅವಳೂ ಅವಳ ಗಂಡ ವಿಲ್ಫೂ ನಮ್ಮ ಎದುರು ಜೋಡಿ. ಆ ಸೀದುಹೋದ ಜಾಮನ್ನೇ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು.

"ಸುಗ್ಗಿ ಊಟಕ್ಕೆ ಇನ್ನೊಂದೇ ತಿಂಗಳು ಕಣೇ ಹೆಸ್ಟರ್. ನೀನು ಬರದಿದ್ರೆ ನಾವು ಮೂರೇ ಜೋಡಿ. ಮೂರು ಬದಿ ಇಟ್ಕೊಂಡು ಚೌಕ ಎಲ್ಲಿಂದ ತರೋದು?"

"ಗಂಡ ಇಲ್ಲದವಳು ಯಾರ ಕೈ ಹಿಡ್ಕೊಂಡು ಕುಣೀಲಿ? ಪೊರಕೆದಾ?"

"ಸೈಲಸ್ ಇದಾನಲ್ಲ."

ಸೈಲಸ್! ವೇದಿಕೆ ಮೇಲೆ ನಿಂತು ಹೆಜ್ಜೆ ಕೂಗಿ ಹೇಳುವವನು. ಊರನ್ನೆಲ್ಲ ಕುಣಿಸಿದ ಮನುಷ್ಯ, ತಾನು ಕುಣಿದದ್ದನ್ನು ನಾನಂತೂ ಕಂಡಿಲ್ಲ. ನಗು ಬಂತು. ನಗುವಿನ ಭರದಲ್ಲಿ ಹೂಂ ಅಂದುಬಿಟ್ಟೆ.

ಸೆಪ್ಟೆಂಬರ್ ೧೧, ಗುರುವಾರ

ಹೋದೆ. ಹಾಲ್ ಹಾಗೇ ಇದೆ — ಒಲೆಯ ಹೊಗೆ, ಒದ್ದೆ ಕೋಟುಗಳ ವಾಸನೆ, ಡಿಕಾಕ್ಷನ್ನಿನಂಥ ಕಪ್ಪು ಚಹಾ.

ಮೊದಲ ಹೆಜ್ಜೆಗೇ ಅನಾಹುತ. ಎದುರುಬದುರಿನ ಜೋಡಿಗಳು ಕೈ ಕೈ ಹಿಡಿದು, ಅಡ್ಡಡ್ಡ ಜಿಗಿಯುತ್ತಾ ಜಾಗ ಬದಲಿಸಬೇಕು. ನಡುವೆ ಬೆನ್ನಿಗೆ ಬೆನ್ನು ಸವರಿಕೊಂಡು ದಾಟಬೇಕು. ನಾನು ಒಂದು ಕಡೆ ಎಳೆದೆ, ಸೈಲಸ್ ಇನ್ನೊಂದು ಕಡೆ. ನಾಲ್ವರೂ ನಡುಮಧ್ಯೆ ಡಿಕ್ಕಿ. ವಿಲ್ಫ್‌ನ ಕನ್ನಡಕ ಒಲೆಯ ಕೆಳಗೆ.

"ಹೋಗೋವಾಗ ಗಂಡಸರ ಬೆನ್ನು ಕಣ್ರಪ್ಪಾ, ಬರೋವಾಗ ಹೆಂಗಸರದ್ದು!" ಸೈಲಸ್ ಬೊಬ್ಬೆ. "ಇಷ್ಟು ವರ್ಷ ಕೂಗಿದ್ದು ಯಾರ ಕಿವಿಗೂ ಬಿದ್ದೇ ಇಲ್ವಾ?"

"ಬಿದ್ದಿತ್ತಪ್ಪಾ. ಆದ್ರೆ ಆಮೋಸ್ ಬಿಡಬೇಕಲ್ಲ," ಅಂದ ವಿಲ್ಫ್, ಮೊಣಕಾಲೂರಿ ಕನ್ನಡಕ ತಡಕುತ್ತಾ.

ಎಲ್ಲರೂ ನಕ್ಕರು, ನಾನೂ. ಮಾತು ನಿಜ. ನಮ್ಮ ಮದುವೆಯ ವರ್ಷ ವಿಲ್ಫ್‌ನ ಟಗರು ಕಲ್ಲುಗೋಡೆ ಹಾರಿ ನಮ್ಮ ಕುರಿಗಳ ಜೊತೆ ಸೇರಿಕೊಂಡಿತು. ದೊಡ್ಡ ಜಗಳ. "ಅವನ ಬೆನ್ನಿಗೆ ನನ್ನ ಬೆನ್ನು ತಾಗಿಸಲ್ಲ" ಎಂದು ಆಮೋಸ್ ಕುಣಿತದಲ್ಲಿ ನನ್ನನ್ನು ಆಚೆ ಕಡೆಯಿಂದ ಎಳೆದುಕೊಂಡು ಹೋದ. ಹೋಗುವಾಗಲೂ ಬರುವಾಗಲೂ ಗಂಡಸರ ಬದಲು ನಾನೂ ಡೈನಾಳೂ ಬೆನ್ನು ಸವರಿದೆವು. ಕುರಿಗಳು ಈಯುವ ಹೊತ್ತಿಗೆ ಗಂಡಸರಿಬ್ಬರೂ ಒಂದೇ ಬೆಂಚಿನಲ್ಲಿ ಬಿಯರ್ ಕುಡಿಯುತ್ತಿದ್ದರು. ಕಡೆ ಮಾತ್ರ ಬದಲಾಗಲಿಲ್ಲ. ಉಳಿದ ಎರಡು ಜೋಡಿಯವರೂ ನಮ್ಮನ್ನೇ ನೋಡಿ ಕಲಿತರು.

ಆಮೇಲೆ ಬರಬೇಕಿದ್ದದ್ದು 'ಬುಟ್ಟಿ' — ನಾಲ್ವರು ತೋಳಿಗೆ ತೋಳು ಹೆಣೆದು ಗಿರಗಿರ ತಿರುಗುವುದು. ಆಮೋಸ್ ಇದ್ದಾಗ ನನ್ನ ಕಾಲು ನೆಲ ಬಿಡುತ್ತಿತ್ತು. ಅವನ ಅಂಗಿಯ ಪುದೀನ ಪೆಪ್ಪರ್‌ಮಿಂಟಿನ ವಾಸನೆ, ಕುರಿಯ ವಾಸನೆ... ಇವತ್ತು ಬುಟ್ಟಿಯವರೆಗೆ ಹೋಗಲೇ ಇಲ್ಲ.

ಹೊರಡುವಾಗ ಡೈನಾ: "ಊಟಕ್ಕೆ ಪಕ್ಕದ ಕಣಿವೆಯವರು ಬರ್ತಾರೆ. ಅವರ ಮುಂದೆ ಮರ್ಯಾದೆ ಹೋಗೋದು ಬೇಡ. ಈಗಲಾದ್ರೂ ಸರಿಯಾಗಿ ಕಲಿಯೋಣ." ಎಲ್ಲರೂ ಆಗಲಿ ಅಂದರು.

ಈಗಲಾದರೂ. ಅಂದರೆ ಆಮೋಸ್ ಹೋದ ಮೇಲಾದರೂ.

ಸೆಪ್ಟೆಂಬರ್ ೧೮, ಗುರುವಾರ

ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ. ತಲೆ ಚೆನ್ನಾಗಿಯೇ ಇದೆ.

ಅಕ್ಟೋಬರ್ ೨, ಗುರುವಾರ

ಸೈಲಸ್ ಬಾಗಿಲಿಗೇ ಬಂದ. ಟೋಪಿ ಕೈಯಲ್ಲಿ. ಒಳಗೆ ಬಾ ಅಂದರೂ ಬರಲಿಲ್ಲ, ಬೂಟಿನ ತುಂಬ ಕೆಸರಂತೆ.

"ನನ್ನ ಜೊತೆ ಕುಣಿಯೋಕೆ ಬೇಜಾರಾ ಹೆಸ್ಟರ್? ಇದ್ರೆ ಹೇಳಿಬಿಡು, ನಾನೇನೂ ಅಂದ್ಕೊಳ್ಳಲ್ಲ."

"ನಿನ್ನ ಜೊತೆ ಕುಣಿಯೋಕೆ ಬೇಜಾರಿಲ್ಲ ಮಾರಾಯ. ಅವನನ್ನ ತಿದ್ದೋಕೆ ಬೇಜಾರು. ನಮ್ಮನೇಲಿ ಅವನದು ಅಂತ ಉಳಿದಿರೋದು ಒಂದು ಊರುಗೋಲು, ಎರಡು ಕೋಟು. ಊರಲ್ಲಿ ಉಳಿದಿದ್ದು ಆ ಹೆಜ್ಜೆ ಒಂದೇ."

ಟೋಪಿ ತಲೆಗಿಟ್ಟುಕೊಂಡ. "ತಿದ್ದಿ ತಿದ್ದಿ ನನ್ನ ಗಂಟಲು ಹರಿದು ಹೋಯ್ತು. ಅವನು ತಿದ್ದಿಕೊಂಡನಾ?" ಅಂದು ಹೋದ.

ಬಾಗಿಲು ಹಾಕಿ ಅತ್ತೆ. ಫೆಬ್ರವರಿಯಲ್ಲಿ ಅಳದಷ್ಟು ಅತ್ತೆ.

ಅಕ್ಟೋಬರ್ ೪, ಶನಿವಾರ

ಸುಗ್ಗಿ ಊಟಕ್ಕೆ ಹೋಗದಿದ್ದರೆ ಊರು ಆಡಿಕೊಳ್ಳುತ್ತದೆ. ಕೆಂಪು ಎಲೆಕೋಸಿನ ಉಪ್ಪಿನಕಾಯಿ ಹಿಡಿದುಕೊಂಡು ಹೋದೆ, ಕೋಟು ಬಿಚ್ಚದೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ. ಕುರಿಮಾಂಸ, ಆಲೂಗಡ್ಡೆ ಬೆಂದ ದೊಡ್ಡ ದೊಡ್ಡ ಪಾತ್ರೆಗಳು ಖಾಲಿಯಾದವು. ಮೇಜು ಸರಿಸಿದರು. ಮೊದಲು ಹುಡುಗರ ಚೌಕ — ಡೈನಾಳ ಮೊಮ್ಮಗಳು, ಅವಳ ಗೆಳೆಯರು. ಗುರುವಾರದ ಅಭ್ಯಾಸಕ್ಕೆ ಒಬ್ಬರೂ ಬಂದವರಲ್ಲ. ಚಿಕ್ಕಂದಿನಲ್ಲಿ ಇದೇ ಬೆಂಚಿನಲ್ಲಿ ಕೂತು ನಮ್ಮನ್ನು ನೋಡಿದ್ದೇ ಪಾಠ.

"ಗಂಡಸರ ಬೆನ್ನು!" ಎಂದು ಸೈಲಸ್ ಕೂಗಿದ.

ಕೈ ಹಿಡಿದು ಜಿಗಿದರು. ಸವರಿದ್ದು ಹುಡುಗಿಯರ ಬೆನ್ನು. ಒಂದು ಜೋಡಿಯಲ್ಲ, ನಾಲ್ಕೂ ಜೋಡಿ. ಒಬ್ಬರೂ ಎಡವಲಿಲ್ಲ. ಇವರು ಯಾರಿಗೂ ವಿಲ್ಫ್‌ನ ಟಗರಿನ ಮೇಲೆ ಸಿಟ್ಟಿಲ್ಲ, ಆ ಟಗರನ್ನು ಕಂಡವರೂ ಅಲ್ಲ. ಪಕ್ಕದ ಕಣಿವೆಯವರು ಕಣ್ಣು ಬಿಟ್ಟು ನೋಡುತ್ತಿದ್ದರು. ಸೈಲಸ್ ಕೂಗುವುದನ್ನೇ ಮರೆತು ನನ್ನ ಕಡೆ ನೋಡಿದ.

ಡೈನಾ ಬಂದು ಕೋಟಿನ ತೋಳು ಹಿಡಿದೆಳೆದಳು. ಕಣ್ಣು ಒದ್ದೆ. "ಏಳೇ. ಮರ್ಯಾದೆ ಮನೆ ಹಾಳಾಗ್ಲಿ."

ಕೋಟು ಬಿಚ್ಚಿದೆ. ಸೈಲಸ್ ವೇದಿಕೆಯಿಂದ ಇಳಿದು ಬಂದು ಎರಡೂ ಕೈ ಚಾಚಿದ.

"ಯಾವ ಕಡೆ?"

"ಆಮೋಸನ ಕಡೆ."

ಡೈನಾಳ ಬೆನ್ನು ನನ್ನ ಬೆನ್ನಿಗೆ ಧಡ್ ಎಂದು ತಗುಲಿತು, ಹಳೆಯ ಹಾಗೇ. ವಿಲ್ಫ್ ಕನ್ನಡಕ ಜೇಬಿಗೆ ಹಾಕಿಕೊಂಡಿದ್ದ, ಜಾಣ. ಆಮೇಲೆ ಬುಟ್ಟಿ. ಸೈಲಸ್ ಕಡ್ಡಿ ಪೈಲ್ವಾನ್, ವಿಲ್ಫ್‌ಗೆ ಸೊಂಟ ನೋವು. ಇವರಿಂದ ನನ್ನ ಕಾಲು ನೆಲ ಬಿಡುವುದುಂಟೇ ಎಂದುಕೊಂಡೆ. ತಿರುಗಿದೆವು, ಇನ್ನೂ ಜೋರಾಗಿ ತಿರುಗಿದೆವು, ಕೆಳಗೆ ನೋಡಿದರೆ ಕಾಲು ನೆಲದ ಮೇಲಿಲ್ಲ.