ಹಿಟ್ಟಿನ ಚೀಲದ ಕೆಳಗಿನ ನಾಲ್ಕು ಜಾಡಿ

ಗುಲ್ವೆನ್,

ಬ್ರೆಡ್ ತರಲು ಹೋದವನು ಒಂದು ಗಂಟೆಯಾದರೂ ಬಂದಿಲ್ಲ. ಬೇಕಂತಲೇ ತಡ ಮಾಡುತ್ತಿದ್ದೀಯ ಅಂತ ಗೊತ್ತು. ಸಮುದ್ರದ ಉಬ್ಬರ ಇಳಿಯುವ ಮೊದಲು ದೋಣಿ ಬಿಡಬೇಕು, ಹೊರಟೆ.

ಹೃದಯದ ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ. ನಿನಗೆ ಸಮುದ್ರ ಬೇಡ ಅಂದದ್ದು ಡಾಕ್ಟರು. ನನ್ನ ಮೇಲೆ ಮುಖ ಊದಿಸಿಕೊಳ್ಳಬೇಡ. ಕೋಳಿಗಳಿಗೆ ನೀರಿಡು.

“ಎರಡು ದೋಣಿ ಜೋಡ್ಸಿ ಮೇಲೊಂದು ಮನೆ ಕಟ್ಟಿದಾರೆ, ಇದ್ರಲ್ಲಿ ಅಟ್ಲಾಂಟಿಕ್ ದಾಟ್ತಾಳಂತೆ ನಮ್ಮವಳು!” ಅಂತ ಬಂದರಿನವರ ಮುಂದೆಲ್ಲ ನಗಾಡಿದೆಯಲ್ಲ, ಕೇಳು. ದಾರಿಯಲ್ಲಿ ಮದೈರಾ ದ್ವೀಪದಲ್ಲಿ ಡೀಸೆಲ್ ತುಂಬಿಸಿ, ಒಂದೊಂದೇ ಎಂಜಿನ್ ಓಡಿಸುತ್ತಾ ನಿಧಾನಕ್ಕೆ ಹೋದರೆ ಆಚೆ ದಡದ ಮಾರ್ಟಿನೀಕ್ ಮುಟ್ಟಿದ ಮೇಲೂ ಟ್ಯಾಂಕಿನಲ್ಲಿ ಮಿಗುತ್ತದೆ. ಜೊತೆಗೆ ನಿನ್ನ ತಂಗಿ ಮಾರ್ತ್ ಇದ್ದಾಳೆ. ದಿನಾ ಸಂಜೆ ಸಂದೇಶ ಕಳಿಸುತ್ತೇನೆ. ಒಂದು ದಿನ ಬರಲಿಲ್ಲವೆಂದು ಊರೆಲ್ಲ ಎಬ್ಬಿಸಬೇಡ.

ಇನ್ನು ಆ ಜಾಡಿಗಳ ವಿಷಯ. ನಿನ್ನೆ ದೋಣಿಯಲ್ಲಿ ಸಾಮಾನು ಜೋಡಿಸುವಾಗ ಹಿಟ್ಟಿನ ಚೀಲದ ಕೆಳಗೆ ನಾಲ್ಕು ಸಿಕ್ಕವು, ಎಲ್ಲವೂ ಮೊಲದ ಮಾಂಸದ್ದು. ದೋಣಿಯಲ್ಲಿ ಯಾರಾದರೂ ಮೊಲದ ಹೆಸರೆತ್ತಿದರೇ ಅಪಶಕುನ ಅಂತ ಬಂದರಿಗೆ ವಾಪಸ್ ತಿರುಗಿಸುತ್ತಿದ್ದವನು ನೀನು. ಮರೆತು ಇಟ್ಟೆ ಅಂದರೆ ನಾನು ನಂಬುತ್ತೇನಾ? ನಾನು ನೋಡಿ ಹೆದರಿ, ಹೋಗದೆ ನಿಂತುಬಿಡಲಿ ಅಂತ ತಾನೇ? “ಹೋಗ್ಬೇಡ ಕಣೇ” ಅಂತ ಒಂದು ಸಲ ಬಾಯಿಬಿಟ್ಟು ಹೇಳೋಕೆ ನಿನಗೇನು ಧಾಡಿ?

ಮೂರು ಜಾಡಿ ಮೇಜಿನ ಮೇಲಿವೆ. ಉಪ್ಪು ಜಾಸ್ತಿ, ವಾರಕ್ಕೊಂದೇ ತಿನ್ನು.

ನಾಲ್ಕನೆಯದು ದೋಣಿಯಲ್ಲೇ ಇದೆ. ವಿಮಾನ ಹತ್ತಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ಅಷ್ಟು ಭಯವಿದ್ದರೆ ಮಾರ್ಟಿನೀಕ್‌ಗೆ ಬಂದು ನಿನ್ನ ಕೈಯಾರೆ ಇಳಿಸಿಕೋ.

ಅಝೆನೋರ್