ಪಾಚಿಗೆ ಬಿದ್ದ ಹರಕೆ

೨೧ ಏಪ್ರಿಲ್ ೧೯೫೮, ಸೋಮವಾರ. ತಿರುವನಂತಪುರ.

ಎರಡು ಸಲ ಸ್ನಾನ ಮಾಡಿದರೂ ಸತ್ತ ಮೀನಿನ ನಾತ ಹೋಗಿಲ್ಲ. ನಮ್ಮ ಕೇಂದ್ರ ಸರ್ಕಾರದ ಮೀನು ಇಲಾಖೆಯ ಸಾಹೇಬರು ಎರ್ನಾಕುಲಂನಿಂದ ತಂತಿ ಕೊಟ್ಟಿದ್ದರು: ನಿಮ್ಮ ಮನೆ ಹಿಂದಿನ ಕೆರೇಲಿ ಮೀನು ಯಾಕೆ ಸಾಯ್ತಿವೆ, ವರದಿ ಬೇಕು. ಹೋಗಿ ನೋಡಿದೆ. ಬೇಸಿಗೆಗೆ ನೀರು ಮೊಣಕಾಲಿಗಿಳಿದಿದೆ. ಮೇಲೆಲ್ಲ ಹಸಿರು ಪಾಚಿ, ಮೀನಿಗೆ ಉಸಿರೇ ಇಲ್ಲ. ಯಾರೋ ದಿನಾ ಸೇರುಗಟ್ಟಲೆ ಅನ್ನ ಸುರಿದು ಪಾಚಿ ಕೊಬ್ಬಿಸಿದ್ದಾರೆ.

ಊಟಕ್ಕೆ ಕೂತು ಆ ಪುಣ್ಯಾತ್ಮನನ್ನು ಬೈದೆ. ನನ್ನ ಹೆಂಡತಿ ಸುಮಿತ್ರ ಸಾರಿನ ಸೌಟು ಕೆಳಗಿಟ್ಟಳು.

“ನಾನೇ ರೀ. ನಿಮಗೆ ವರ್ಗ ಆಗ್ಲಿ ಅಂತ ಹರಕೆ. ನಲವತ್ತೆಂಟು ದಿನ ಮೀನಿಗೆ ಅನ್ನ.”

“ಎಷ್ಟು ದಿನ ಆಯ್ತು?”

“ನಲವತ್ತೇಳು.”

ವರದೀಲಿ ಕಾರಣದ ಜಾಗ ಇನ್ನೂ ಖಾಲಿ. ನಿಜ ಬರೆದರೆ ಶಿಕ್ಷೆಯಾಗಿ ವರ್ಗ ಖಂಡಿತ. ಆದರೆ ಇವಳು ದೇವರಿಗೆ ನಮ್ಮ ಮೈಸೂರು ಅಂತ ಊರಿನ ಹೆಸರು ಹೇಳಿದ್ದಾಳೋ ಇಲ್ಲವೋ, ಎಬ್ಬಿಸಿ ಕೇಳೋಣ ಅಂದ್ರೆ, ನಾಳೆಯ ಕಡೇ ಅನ್ನಕ್ಕೆ ಬೇಗ ಏಳಬೇಕು ಅಂತ ಆಗಲೇ ಮಲಗಿಬಿಟ್ಟಿದ್ದಾಳೆ.