ಕುದಿನೀರಿನಲ್ಲಿಟ್ಟ ಐದು ಹನಿ

ಹನ್ನೊಂದು ವಾರದ ನನ್ನ ಅಳುಬುರುಕಿಗೆ,

ಸಂಜೆ ಐದಾಯಿತೆಂದರೆ ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ರಾಗ ತೆಗೆಯುತ್ತೀಯ. ಎಂಟರವರೆಗೆ ಬಿಡುವಿಲ್ಲ. ನಲವತ್ತಾರಕ್ಕೆ ಅಪ್ಪನಾದವನು ನಾನು; ಮೊದಲು ಕನಿಕರಪಟ್ಟೆ, ಆಮೇಲೆ ಹೆದರಿದೆ, ಈಗ ಬರೀ ರೇಗುತ್ತೇನೆ. ಯಾರ ಮೇಲೆ ರೇಗಬೇಕೆಂದು ತಿಳಿದಿರಲಿಲ್ಲ.

ನಿನ್ನ ಅಜ್ಜಿಗೆ ಮೊದಲ ದಿನದಿಂದಲೇ ತಿಳಿದಿತ್ತು. "ತಾಯಿ ಹಾಲೇ ಸರಿಯಿಲ್ಲ ಕಣೋ, ಮಗು ಏನು ಮಾಡೀತು." ಹೇಳುವುದು ನನಗೆ, ಕೇಳಿಸಿಕೊಳ್ಳುವುದು ಒಳಗಿದ್ದ ನಿನ್ನ ಅಮ್ಮ. ನಾನು ಪೇಪರಿನ ಪುಟ ತಿರುಗಿಸುತ್ತಿದ್ದೆ. ನಿನ್ನ ಅಮ್ಮ ಕೋಸು ಬಿಟ್ಟಳು, ಕಾಫಿ ಬಿಟ್ಟಳು, ಕೊನೆಗೆ ಮಾತನ್ನೂ ಬಿಟ್ಟಳು.

ಮಕ್ಕಳ ಡಾಕ್ಟರು ನಿನ್ನ ತೂಕ ನೋಡಿ ಹಾಲಿನಲ್ಲಿ ದೋಷವಿಲ್ಲ ಎಂದರು. ಈ ಅಳು ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುವಂಥದಂತೆ. ಆದರೂ ಪ್ರೊಬಯಾಟಿಕ್ ಬರೆದುಕೊಟ್ಟರು: ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ, ದಿನಕ್ಕೆ ಐದು ಹನಿ. ಕೆಲವು ಮಕ್ಕಳಿಗೆ ಹಿಡಿಸುತ್ತದೆ, ಕೆಲವಕ್ಕಿಲ್ಲ, ಮೂರು ವಾರ ನೋಡೋಣ ಎಂದರು.

ನಿನ್ನ ಅಪ್ಪನ ಕೆಲಸ ನಿನಗೆ ಗೊತ್ತಿರಲಾರದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ಹಬೆಗೊಡ್ಡಿ ಕ್ರಿಮಿ ಕೊಲ್ಲುವುದು. ಇಪ್ಪತ್ತು ವರ್ಷದಿಂದ ಕೊಲ್ಲುತ್ತಿದ್ದೇನೆ. ಹಾಗಾಗಿ ಹನಿಯ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಹಿಂಡಿದ ಎದೆಹಾಲಿಗೆ ಐದು ಹನಿ ಬಿಟ್ಟು, ಆ ಬಟ್ಟಲನ್ನು ಕುದಿನೀರಿನಲ್ಲಿ ಕಾಲು ಗಂಟೆ ಇಟ್ಟು, ಆರಿಸಿ ನಿನಗೆ ಕುಡಿಸಿದೆ. ಹತ್ತೊಂಬತ್ತು ದಿನ. ಅಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ನಿನ್ನ ಅಜ್ಜಿ ಹೇಳುವುದರಲ್ಲೂ ಏನೋ ಇರಬಹುದು ಎಂದು ನಾನೇ ಬಾಯಿಬಿಟ್ಟೆ. ನಿನ್ನ ಅಮ್ಮ ಮರುದಿನ ಹಾಲಿನ ಪುಡಿಯ ಡಬ್ಬಿ ತಂದಿಟ್ಟಳು. ಸೋಮವಾರದಿಂದ ಎದೆಹಾಲು ನಿಲ್ಲಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಶೀಶೆ ಖಾಲಿಯಾಗಿತ್ತು. ಡಾಕ್ಟರು ಹೇಳಿದ ಮೂರು ವಾರ ಮುಗಿಯಲೆಂದು ಇನ್ನೊಂದು ತರಲು ಹೋದೆ. ಔಷಧಿ ಅಂಗಡಿಯಾಕೆ ಹೇಗೆ ಕೊಡುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲೇ ವಿವರಿಸಿದೆ. ಆಕೆ ಕೊಡಲು ಚಾಚಿದ್ದ ಕೈಯನ್ನು ಹಿಂದೆಳೆದುಕೊಂಡರು. "ಅಲ್ಲ ಸರ್, ಬೇಯಿಸಿ ಸಾಯಿಸಿದ ಮೇಲೆ ಅವು ಕೆಲಸ ಮಾಡೋದು ಹೇಗೆ?"

ಯಾರಿಗೂ ಹೇಳದೆ, ಇನ್ನು ಮುಂದೆ ಕಾಯಿಸದೆ ಕೊಟ್ಟರಾಯಿತು ಎಂಬ ಯೋಚನೆಯೂ ಬಸ್ಸಿನಲ್ಲಿ ಬಂತು. ಅದನ್ನೂ ನಿನಗೆ ಬರೆದಿಡುತ್ತಿದ್ದೇನೆ. ಆದರೆ ಬೆಳಗಾದರೆ ಸೋಮವಾರ.

ಹೇಳಿದೆ. ನಿನ್ನ ಅಮ್ಮ ನಿನ್ನ ಲಂಗೋಟಿಗಳನ್ನು ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. "ನನಗ್ಯಾಕೆ ಹೇಳ್ತೀರಿ? ನನ್ನ ಹಾಲು ನನಗೆ ಗೊತ್ತಿತ್ತು. ಹೋಗಿ ನಿಮ್ಮಮ್ಮನಿಗೆ ಹೇಳಿ. ಇಲ್ಲಿಗೆ ಕೇಳಿಸೋ ಹಾಗೆ."

ಗಟ್ಟಿಯಾಗಿಯೇ ಹೇಳಿದೆ. ತಪ್ಪು ನನ್ನದು, ಅವಳ ಹಾಲಿನದಲ್ಲ ಎಂದು. ಅಜ್ಜಿ ಬಹಳ ಹೊತ್ತು ಕನ್ನಡಕ ಒರೆಸಿದಳು. "ಆ ಡಬ್ಬಿ ವಾಪಸ್ ತಗೋತಾರಾ ಕೇಳು," ಎಂದಳು. ಕ್ಷಮೆಗೆ ಇಷ್ಟು ಹತ್ತಿರ ಅವಳು ಬಂದದ್ದನ್ನು ನಾನು ಹಿಂದೆಂದೂ ಕಂಡಿಲ್ಲ.

ಹೊಸ ಹನಿಗೆ ಇಂದು ಮೂರನೇ ದಿನ. ಹಿಡಿಸುತ್ತದೋ ಇಲ್ಲವೋ ನೋಡಬೇಕು. ನೀನಂತೂ ಇಂದೂ ಸರಿಯಾಗಿ ಐದಕ್ಕೇ ಶುರು ಮಾಡಿದೆ. ನಿನ್ನ ಅಮ್ಮ ಕೋಣೆಯಿಂದ ಎದ್ದು ಬಂದು, ಹಜಾರದಲ್ಲಿ ಅಜ್ಜಿಯ ಎದುರಿನ ಕುರ್ಚಿಯಲ್ಲೇ ಕೂತು, ನಿನಗೆ ಹಾಲೂಡಿಸುತ್ತಿದ್ದಾಳೆ.

ಅಳುವಷ್ಟು ಅತ್ತು ಬೆಳೆ, ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನಿಂದ ಬೈಸಿಕೊಳ್ಳಲು ಕಾದಿರುವ,
ಅಪ್ಪ